ಮಾತ್ರೆ ಲೆಕ್ಕ

ತಾಲ್ಕವಾನೊ ಬಂದರಿನ ಹರಾಜುಕಟ್ಟೆಯಲ್ಲಿ
ಮೂವತ್ತೊಂದು ವರ್ಷ ಮೀನಿನ ಬೆಲೆ ಕೂಗಿದವನು ಎಲಿಯೋದೋರೊ.
ಒಂದೇ ಉಸಿರಿಗೆ ಹನ್ನೆರಡು ಪೆಟ್ಟಿಗೆ ಮೆರ್ಲೂಸಾ ಮಾರಿ
ಮಿಕ್ಕ ಉಸಿರಲ್ಲಿ
ತೂಕದವನ ಅಪ್ಪನನ್ನೂ ಬೈದು ಮುಗಿಸುತ್ತಿದ್ದ.

ಈಗ ಅಂಗಿಯ ಮೇಲ್ಗುಂಡಿ ಇರಬೇಕಾದಲ್ಲಿ
ಗುಂಡಿಗಿಂತ ತುಸು ದೊಡ್ಡ ತೂತು,
ಅದರ ಮೇಲೆ ಹೆಂಡತಿ ಹೆಣೆದ ನೀಲಿ ಚೌಕ.
ಗಾಳಿ ಅಲ್ಲಿಂದಲೇ ಒಳಗೆ, ಅಲ್ಲಿಂದಲೇ ಹೊರಗೆ.
ಬಾಯಿ ಮತ್ತು ಎದೆ
ದಾಯಾದಿಗಳ ಹಾಗೆ ಮಾತು ಬಿಟ್ಟಿವೆ.

ಬುಧವಾರ ಹತ್ತೂವರೆಗೆ ಸುನಿಲ್ದಾ ಕಲಿಸುತ್ತಾಳೆ:
ಗಾಳಿ ನುಂಗಿ. ಹೊಟ್ಟೆಗಿಳಿಯಗೊಡಬೇಡಿ.
ಅನ್ನನಾಳದ ಬಾಗಿಲಲ್ಲೇ ತಿರುಗಿಸಿ ತೇಗಿ,
ತೇಗಿನ ತುದಿಗೆ ಅಕ್ಷರ ಕಟ್ಟಿ.
ಊಟದ ಮೇಜಲ್ಲಿ ತೇಗಿದ್ದಕ್ಕೆ
ಅವನಮ್ಮ ಸೌಟಿನಿಂದ ಕೊಟ್ಟ ಏಟು
ಅರವತ್ತು ವರ್ಷದ ಮೇಲೂ ಕಿವಿಯ ಹಿಂದೆ ಚುರ್ ಎನ್ನುತ್ತದೆ.
ಪ, ತ, ಕ. ಪಾನ್ ಎಂದರೆ ರೊಟ್ಟಿ. ತೆ ಎಂದರೆ ಚಹಾ.
ಒಂದು ಗುಟುಕು ಗಾಳಿಗೆ ಒಂದು ಲಘು.
ಗುರುವಿಗೆ ಎರಡು ಮಾತ್ರೆ ಬೇಕು, ಅಷ್ಟು ದಾಸ್ತಾನಿಲ್ಲ.
ರಕ್ತದೊತ್ತಡಕ್ಕೆ ಬೆಳಿಗ್ಗೆ ಒಂದು ಮಾತ್ರೆ, ನಿದ್ದೆಗೊಂದು,
ಮಾತಿಗೆ ಎಷ್ಟೆಂದು ಚೀಟಿಯಲ್ಲಿ ಬರೆದಿಲ್ಲ.

ಅವನಿಗೆ ಬೇಕಾದ್ದು ರೊಟ್ಟಿ ಚಹಾ ಅಲ್ಲ.
ಆಸ್ಪತ್ರೆ ಕಿಟಕಿಯ ಹುಡುಗಿ ಪ್ರತಿ ಸಲ
ಅವನನ್ನು ದಾಟಿ ಮಗಳನ್ನು ಕೇಳುತ್ತಾಳೆ:
"ಇವರು ಯಾರನ್ನು ನೋಡಬೇಕಂತೆ?"
ಆ ಒಂದು 'ಅಂತೆ'ಯನ್ನು ಅಳಿಸಬೇಕು.

ಮೊಮ್ಮಗಳು ಅಯೆಲೆನ್‌ಗೆ ಶಾಲೆಯಲ್ಲೂ ಅದೇ ಪದ:
ಚಪ್ಪಾಳೆ ತಟ್ಟಿ ತುಂಡರಿಸಿ, ಗೆರೆ ಎಳೆದು ತನ್ನಿ.
ಅಡುಗೆಮನೆ ಮೇಜು, ಮೊಂಡು ಪೆನ್ಸಿಲು, ಸೀಮೆಎಣ್ಣೆ ಒಲೆ.
ಒ, ತೊ, ರ್ರಿ, ನೊ, ಲಾ, ರಿಂ, ಗೋ, ಲೊ, ಗೊ.
ಒಂಬತ್ತು ಚಪ್ಪಾಳೆ. "ಬಲ ಏಳನೆಯದರ ಮೇಲೆ, ತಾತಾ."
ಒತ್ತಿನ ಹಿಂದಿನ 'ತೊ' ಕೂಡ ಗುರುವೆಂದು ಹಿಡಿದರೆ
ನಮ್ಮ ಕಡೆಯ ಲೆಕ್ಕಕ್ಕೆ ಹದಿಮೂರು ಮಾತ್ರೆ.

ಡಾಕ್ಟರ ಲೆಕ್ಕದಲ್ಲಿ ಮೂರೇ ತುಂಡು,
ಕಿವಿ, ಮೂಗು, ಗಂಟಲು, ಗ್ರೀಕರಿಂದ ತಂದದ್ದು.
ಕಿವಿ ಇದೆ. ಮೂಗು ಇದ್ದೂ ಇಲ್ಲ,
ಉಸಿರಾಡದ ಮೂಗಿಗೆ ಮೀನಿನ ವಾಸನೆಯೂ ಹತ್ತದು.
ಗಂಟಲನ್ನು ತೆಳ್ಳಗೆ ಹೆಚ್ಚಿ ಗಾಜಿನ ಪಟ್ಟಿಗಳ ನಡುವೆ ಇಟ್ಟರು.
ಪದದೊಳಗೆ ಮಾತ್ರ ಅದು ಇದ್ದ ಹಾಗೇ ಇದೆ:
ಲಾ ರಿಂ ಗೋ, ಸಾಲಾಗಿ ಮೂರು ಗುರು.
ಛಂದಸ್ಸು ಬಲ್ಲವರಿಗೆ ಮಗಣ.
ಅವನಿಗೆ, ಒಂದರ ಮೇಲೊಂದು
ಮೂರು ಪೆಟ್ಟಿಗೆ ಮಂಜುಗಡ್ಡೆ.

ಒತೊ. ಗುಟುಕು. ರ್ರಿ ಬಂತು,
ನಾಲಿಗೆ ಚಳಿಗೆ ಹೆಪ್ಪುಗಟ್ಟಿದ ದೋಣಿ ಮೋಟಾರು,
ಹಗ್ಗ ಎಳೆದೆಳೆದು ಹತ್ತಿಸಬೇಕು. ನೊ.
ಗುಟುಕು. ಲಾ. ಗುಟುಕು. ರಿಂ ಬರುವಷ್ಟರಲ್ಲಿ
ಕಣ್ಣಲ್ಲಿ ನೀರು. ಕೆಟಲು ಶಿಳ್ಳೆ ಹಾಕಿತು,
ಪುಣ್ಯವಂತ ಕೆಟಲು.
ಅಯೆಲೆನ್ ಅವನು ನಿಂತ ನಿಂತಲ್ಲೇ ಗೆರೆ ಎಳೆದುಕೊಂಡಳು.
ಟೀಚರು ಕೆಂಪು ಶಾಯಿಯಲ್ಲಿ ತಪ್ಪು ಹಾಕಿದರು.
ಅವಳು ಅಳಿಸಲಿಲ್ಲ.

ಜೂನ್ ತಿಂಗಳ ಗುರುವಾರ, ಕಿಟಕಿ.
ಹುಡುಗಿ ಮಗಳತ್ತ ಕತ್ತು ಹೊರಳಿಸುವ ಮುಂಚೆಯೇ
ಅವನು ನುಂಗಿದ. ಒತೊ. ಸಾಲಿನವರು ತಿರುಗಿದರು.
ರ್ರಿನೊ. ಯಾವನೋ ಕಿಸಕ್ಕೆಂದ.
ಲಾ. ಅರ್ಥವಾಯಿತು ಎಂಬಂತೆ ತಲೆಯಾಡಿಸಿ
ಹುಡುಗಿ ಉಳಿದದ್ದನ್ನು ತಾನೇ ಮುಗಿಸಹೊರಟಾಗ
ಅವನ ಕೈ ಮೇಲೆದ್ದಿತು, ಹರಾಜುಕಟ್ಟೆಯ ಅದೇ ಕೈ:
ತಡಿ, ಸವಾಲು ಇನ್ನೂ ಮುಗಿದಿಲ್ಲ.
ರಿಂ.
ಗೋ.
ಮಿಕ್ಕೆರಡು ಲಘು, ಮೆಟ್ಟಿಲಿಳಿಯುವ ಮಕ್ಕಳಂತೆ
ತಾವೇ ಇಳಿದವು.

ಹುಡುಗಿ ಕೀಲಿಮಣೆ ಕುಟ್ಟಿ, ತಲೆ ಎತ್ತಿ,
ನೇರ ಅವನನ್ನೇ ಕೇಳಿದಳು:
"ನಮ್ಮಲ್ಲಿ ಇಬ್ಬರಿದ್ದಾರೆ. ನಿಮಗೆ ಯಾರು?"

ನಿಮಗೆ, ಅಂದಳು.
ಅವನು ಇನ್ನೊಂದು ಗುಟುಕು ಗಾಳಿ ನುಂಗಿದ.